ಫ್ಲೂ ಲಸಿಕೆಗೆ ಪರೀಕ್ಷೆ ಇಟ್ಟ ವಿದ್ಯಾರ್ಥಿಗಳು

ಪೋಲಿಯೊ ಲಸಿಕೆ ಬೇಕೇ ಎಂದು ಕೇಳಿದರೆ ಕಾಲೇಜು ವಿದ್ಯಾರ್ಥಿಗಳು ತಡವರಿಸುವುದು ಕಡಿಮೆ. ಫ್ಲೂ ಲಸಿಕೆಯ ಮಾತೆತ್ತಿದರೆ ಮಾತ್ರ ಪ್ರಶ್ನೆಗಳ ಸಾಲು. ನೆಗಡಿಗೂ ಲಸಿಕೆಯೆ? ವರ್ಷ ವರ್ಷವೂ ಯಾಕೆ? ಹಾಕಿಸಿಕೊಂಡರೇ ಫ್ಲೂ ಬರುತ್ತದಂತಲ್ಲ? ನೀವೂ ಇವನ್ನು ಕೇಳಿರಬಹುದು, ಪ್ರಾಯಶಃ ಆಡಿಯೂ ಇರಬಹುದು. ಸೋಜಿಗವೆಂದರೆ, ಈ ಲಸಿಕೆ ಫಲಕಾರಿ ಎಂಬುದಕ್ಕೂ ಅದು ಸೋಲಬಹುದೆಂಬುದಕ್ಕೂ ಮೊದಮೊದಲ ದೊಡ್ಡ ಸಾಕ್ಷ್ಯ ದೊರೆತದ್ದು ವಿದ್ಯಾರ್ಥಿಗಳಿಂದಲೇ.

1918ರ ಮಹಾಪಿಡುಗು ಸೇನಾ ಶಿಬಿರಗಳಲ್ಲಿ ಮಾಡಿದ ಹಾನಿಯನ್ನು ಅಮೆರಿಕದ ಸೇನೆ ಮರೆತಿರಲಿಲ್ಲ. ಎರಡನೆಯ ಮಹಾಯುದ್ಧದ ವೇಳೆಗೆ ಅದು ಇನ್‌ಫ್ಲುಯೆಂಜ ಆಯೋಗವೊಂದನ್ನು ರಚಿಸಿತು. ಅದರ ಮುಖ್ಯಸ್ಥರು ಮಿಶಿಗನ್ ವಿಶ್ವವಿದ್ಯಾಲಯದ ಥಾಮಸ್ ಫ್ರಾನ್ಸಿಸ್. ಮುಂದೆ ಪೋಲಿಯೊ ಲಸಿಕೆಯಿಂದ ಹೆಸರಾದ ಜೋನಾಸ್ ಸಾಕ್ ಆಗ ಅವರ ಪ್ರಯೋಗಶಾಲೆಯಲ್ಲಿದ್ದ ತರುಣ ಸಂಶೋಧಕ. ಕಾವು ಕೊಟ್ಟ ಕೋಳಿಮೊಟ್ಟೆಯೊಳಗೆ ವೈರಸ್ ಬೆಳೆಸಿ, ಅದನ್ನು ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಲಸಿಕೆ ತಯಾರಿಸಿದರು.

ಪರೀಕ್ಷೆಗೆ ಸಿಕ್ಕವರು ಸೇನೆಯ ತರಬೇತಿ ಯೋಜನೆಯಡಿ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದ ಸುಮಾರು 12,500 ಯುವಕರು. 1943ರ ಶರತ್ಕಾಲದಲ್ಲಿ ಅರ್ಧದಷ್ಟು ಮಂದಿಗೆ ಲಸಿಕೆ ಚುಚ್ಚಿದರು; ಉಳಿದವರಿಗೆ ಲಸಿಕೆಯಿಲ್ಲದ ಲವಣದ್ರಾವಣ. ಕೆಲವೇ ವಾರಗಳಲ್ಲಿ ಫ್ಲೂ ಹಬ್ಬಿತು. ಲಸಿಕೆ ಪಡೆದವರಲ್ಲಿ ಶೇಕಡಾ 2.22 ಮಂದಿ ಕಾಯಿಲೆ ಬಿದ್ದರೆ, ಪಡೆಯದವರಲ್ಲಿ ಶೇಕಡಾ 7.11. ಅಪಾಯ ಮೂರನೆಯ ಒಂದು ಭಾಗಕ್ಕಿಳಿದಿತ್ತು! 1945ರಲ್ಲಿ ಲಸಿಕೆ ಸೇನೆಗೂ ಮರುವರ್ಷ ನಾಗರಿಕರಿಗೂ ದೊರಕಿತು.

ಗೆಲುವಿನ ಸಂಭ್ರಮ ಹೆಚ್ಚು ಕಾಲ ನಿಲ್ಲಲಿಲ್ಲ. 1947ರ ವಸಂತದಲ್ಲಿ ಅದೇ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಫ್ಲೂ ಕಾಣಿಸಿಕೊಂಡಾಗ, ಲಸಿಕೆ ಪಡೆದ ಸುಮಾರು ಹತ್ತು ಸಾವಿರ ವಿದ್ಯಾರ್ಥಿಗಳಿಗೂ ಪಡೆಯದವರಿಗೂ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ: ಒಂದು ಕಡೆ ಶೇಕಡಾ ಏಳು, ಇನ್ನೊಂದು ಕಡೆ ಎಂಟು. ಲಸಿಕೆ ಕೆಟ್ಟಿರಲಿಲ್ಲ, ವೈರಸ್ ವೇಷ ಬದಲಿಸಿತ್ತು. ಅದರ ಹೊರಮೈಯ ಪ್ರೋಟೀನುಗಳು ಎಷ್ಟು ಮಾರ್ಪಟ್ಟಿದ್ದವೆಂದರೆ, ಹಳೆಯ ತಳಿಗೆಂದು ದೇಹ ತಯಾರಿಸಿಟ್ಟುಕೊಂಡ ಪ್ರತಿಕಾಯಗಳಿಗೆ ಗುರುತೇ ಸಿಗಲಿಲ್ಲ. ‘ವರ್ಷ ವರ್ಷವೂ ಯಾಕೆ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಪ್ರತಿಕಾಯಗಳ ಪ್ರಮಾಣ ತಿಂಗಳುಗಳಲ್ಲಿ ಇಳಿಯುವುದೂ ಇನ್ನೊಂದು ಕಾರಣ. ವಿಶ್ವ ಆರೋಗ್ಯ ಸಂಸ್ಥೆ 1952ರಲ್ಲಿ ತಳಿಗಳ ಮೇಲೆ ಕಣ್ಣಿಡುವ ಜಾಗತಿಕ ಜಾಲ ಕಟ್ಟಿತು.

‘ಲಸಿಕೆಯಿಂದಲೇ ಫ್ಲೂ’ ಎಂಬುದಕ್ಕೆ ಆಧಾರವಿಲ್ಲ. ನಿಷ್ಕ್ರಿಯ ವೈರಸ್ ಮತ್ತೆ ಬೆಳೆಯದು. ತೋಳು ನೋವು, ಒಂದೆರಡು ದಿನದ ಮೈಬಿಸಿ ಬರಬಹುದು. ಆದರೆ ಎಲ್ಲ ಅಂಜಿಕೆಯನ್ನೂ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. 1976ರಲ್ಲಿ ಹಂದಿಜ್ವರದ ಭೀತಿಯಿಂದ ಅಮೆರಿಕ ನಾಲ್ಕು ಕೋಟಿಗೂ ಹೆಚ್ಚು ಜನರಿಗೆ ಲಸಿಕೆ ಹಾಕಿತು. ಪಿಡುಗು ಬರಲಿಲ್ಲ, ಗಿಲಾನ್-ಬಾರೆ ಎಂಬ ನರರೋಗ ಮಾತ್ರ ಲಕ್ಷಕ್ಕೆ ಒಬ್ಬರಂತೆ ಹೆಚ್ಚಾಗಿ ಕಂಡುಬಂತು. ಕಾರ್ಯಕ್ರಮ ಡಿಸೆಂಬರಿನಲ್ಲಿ ನಿಂತಿತು. ಆ ನೆನಪು ಮಾತ್ರ ನಿಲ್ಲಲಿಲ್ಲ.

ಜಪಾನಿನ ಅನುಭವವೇ ಬೇರೆ. ಅಲ್ಲಿ 1962ರಿಂದ ಶಾಲಾಮಕ್ಕಳಿಗೆ ಸಾಮೂಹಿಕವಾಗಿ ಲಸಿಕೆ ಹಾಕುತ್ತಿದ್ದರು. ಪರಿಣಾಮದ ಬಗ್ಗೆ ಅನುಮಾನಗಳೆದ್ದವು, ಅಡ್ಡಪರಿಣಾಮದ ಮೊಕದ್ದಮೆಗಳು ನಡೆದವು. 1987ರಲ್ಲಿ ಪೋಷಕರಿಗೆ ಬೇಡವೆನ್ನುವ ಅವಕಾಶ ಸಿಕ್ಕಿತು, 1994ರಲ್ಲಿ ಕಾರ್ಯಕ್ರಮವೇ ಮುಗಿಯಿತು. ಆಮೇಲೆ, 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಆ ಮಕ್ಕಳ ಲಸಿಕೆ ವರ್ಷಕ್ಕೆ 37,000ದಿಂದ 49,000 ಸಾವುಗಳನ್ನು, ಮುಖ್ಯವಾಗಿ ವೃದ್ಧರ ಸಾವುಗಳನ್ನು, ತಡೆದಿತ್ತೆಂದು ಅಂದಾಜಿಸಿತು. ಲೆಕ್ಕದ ವಿಧಾನದ ಬಗ್ಗೆ ತಕರಾರುಗಳಿವೆ. ಆದರೂ ಮೊಮ್ಮಗನ ತೋಳಿಗೆ ಚುಚ್ಚಿದ ಸೂಜಿ ಅಜ್ಜಿಯನ್ನು ಕಾಯಬಹುದೆಂಬ ವಿಚಾರ, ‘ನನಗೇನೂ ಆಗದು’ ಎನ್ನುವ ಇಪ್ಪತ್ತರ ಹರೆಯದವರು ಯೋಚಿಸತಕ್ಕದ್ದು.

ಧರ್ಮ, ಆಹಾರಗಳೂ ನಡುವೆ ಬರುತ್ತವೆ. ಬ್ರಿಟನ್ನಿನಲ್ಲಿ ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ಹಂದಿಯ ಜೆಲಟಿನ್ ಇದ್ದುದಕ್ಕೆ ಅನೇಕ ಮುಸ್ಲಿಂ ಪೋಷಕರು ಹಿಂಜರಿದರು. ಅವರಿಗೆ ಬೇಕಾದದ್ದು ವೈರಸ್‌ನ ಪಾಠವಲ್ಲ, ಜೆಲಟಿನ್ ಇಲ್ಲದ ಚುಚ್ಚುಮದ್ದು.

ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಫ್ಲೂ ಲಸಿಕೆ ಸೇರಿಲ್ಲ. ಹಾಗಾಗಿ ಅನೇಕರು ಅದರ ಹೆಸರು ಕೇಳಿದ್ದೇ 2009ರ ಹಂದಿಜ್ವರದ ಸಮಯದಲ್ಲಿ, ಪುಣೆಯ ಸಾವಿನ ಸುದ್ದಿಯ ಜೊತೆಗೆ. ನೀವು ಹಾಕಿಸಿಕೊಳ್ಳುವುದಾದರೆ ವೈದ್ಯರನ್ನು ಎರಡು ಮಾತು ಕೇಳಿ: ಲಸಿಕೆ ಯಾವ ವರ್ಷದ ತಳಿಗಳದ್ದು, ಮತ್ತು ನಮ್ಮಲ್ಲಿ ಮಳೆಗಾಲದಲ್ಲೂ ಫ್ಲೂ ಏರುವುದರಿಂದ ಯಾವ ತಿಂಗಳು ಹಾಕಿಸಿಕೊಳ್ಳಬೇಕು.