ಬೇಳೆಯ ನೊರೆ ತೆಗೆಯದಿದ್ದರೆ ಯೂರಿಕ್ ಆಮ್ಲ ಹೆಚ್ಚುತ್ತದೆಯೇ?

ತೊಗರಿಬೇಳೆ ಕುದಿಯಲು ಶುರುವಾದರೆ ಮೇಲೆ ಬಿಳಿ ನೊರೆ ಉಕ್ಕುತ್ತದೆ. ಈ ನೊರೆಯಲ್ಲಿ ಯೂರಿಕ್ ಆಮ್ಲ ಇದೆ, ಅದನ್ನು ತೆಗೆಯದೆ ಸಾರು ಮಾಡಿದರೆ ಕೀಲುನೋವು ಬರುತ್ತದೆ, ಕುಕ್ಕರಿನಲ್ಲಿ ನೊರೆ ತೆಗೆಯಲಾಗದ ಕಾರಣ ಕುಕ್ಕರ್ ಬೇಳೆಯೇ ಅಪಾಯ ಎಂಬ ಮಾತು ವಾಟ್ಸಾಪಿನಲ್ಲಿ ಆಗಾಗ ಹರಿದಾಡುತ್ತದೆ. ಇದನ್ನು ನಂಬಿ ಬೇಳೆಯನ್ನೇ ಬಿಟ್ಟರೆ ನಷ್ಟ ದೊಡ್ಡದು. 100 ಗ್ರಾಂ ಒಣ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಮಾಂಸ ತಿನ್ನದ ಮನೆಗಳಿಗೆ ಅದು ಸಣ್ಣ ವಿಷಯವಲ್ಲ.

ನೊರೆಯಲ್ಲಿ ಇರುವುದೇನು? ಬೇಳೆಯಿಂದ ನೀರಿಗೆ ಬಿಟ್ಟುಕೊಂಡ ಪ್ರೋಟೀನ್, ಸ್ವಲ್ಪ ಪಿಷ್ಟ ಮತ್ತು ಸಪೋನಿನ್ ಎಂಬ ವಸ್ತುಗಳು. ಕುದಿಯುವಾಗ ಏಳುವ ಗುಳ್ಳೆಗಳಿಗೆ ಇವು ತೆಳುವಾದ ಹೊದಿಕೆಯಾಗುತ್ತವೆ, ಹಾಗಾಗಿ ಗುಳ್ಳೆ ಬೇಗ ಒಡೆಯುವುದಿಲ್ಲ. ಸೀಗೆಕಾಯಿ, ಅಂಟುವಾಳ ನೊರೆ ಬಿಡುವುದೂ ಸಪೋನಿನ್‌ನಿಂದಲೇ. ಬೇಳೆಯಲ್ಲಿ ಅದರ ಪ್ರಮಾಣ ಕಡಿಮೆ, ನಮ್ಮ ಕರುಳು ಅದನ್ನು ಹೀರಿಕೊಳ್ಳುವುದು ಇನ್ನೂ ಕಡಿಮೆ. ರುಚಿ ತುಸು ಕಹಿಯಾಗಬಹುದು, ಅಷ್ಟೇ.

ಇನ್ನು ಯೂರಿಕ್ ಆಮ್ಲ. ಅದು ಬೇಳೆಯಿಂದ ನೊರೆಯಾಗಿ ಹೊರಬರುವ ವಸ್ತುವಲ್ಲ. ಪ್ಯೂರಿನ್‌ಗಳು ಒಡೆದಾಗ ನಮ್ಮ ದೇಹದೊಳಗೆ ತಯಾರಾಗುತ್ತದೆ. ಅದರಲ್ಲಿ ಸುಮಾರು ಮೂರನೇ ಎರಡು ಭಾಗಕ್ಕೆ ದೇಹದ ಸ್ವಂತ ಪ್ಯೂರಿನ್‌ಗಳೇ ಮೂಲ, ಉಳಿದದ್ದಕ್ಕೆ ಮಾತ್ರ ಆಹಾರ. ಬೇಳೆಯಲ್ಲಿ ಪ್ಯೂರಿನ್ ಇದೆ, ಸುಳ್ಳಲ್ಲ. ಆದರೆ ಅದು ನೀರಿನಲ್ಲಿ ಕರಗುತ್ತದೆ. ಕರಗಿದ್ದು ಕಟ್ಟಿನಲ್ಲೆಲ್ಲ ಹರಡಿರುತ್ತದೆ, ಒಂದು ಸೌಟು ನೊರೆ ಎತ್ತಿ ಚೆಲ್ಲಿದರೆ ಹೋಗುವುದಿಲ್ಲ. ಅಮೆರಿಕದಲ್ಲಿ 47,000ಕ್ಕೂ ಹೆಚ್ಚು ಪುರುಷರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಂಸ ಮತ್ತು ಸಮುದ್ರದ ಆಹಾರ ಹೆಚ್ಚು ತಿಂದವರಿಗೆ ಗೌಟ್ ಬರುವ ಸಾಧ್ಯತೆ ಹೆಚ್ಚಿತ್ತು. ಪ್ಯೂರಿನ್ ಇರುವ ಸಸ್ಯಾಹಾರಕ್ಕೆ ಆ ನಂಟು ಕಾಣಲಿಲ್ಲ. ಈಗಾಗಲೇ ಗೌಟ್ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ಬೇಳೆ ತಿನ್ನಬೇಕು ಎಂಬುದನ್ನು ವೈದ್ಯರಲ್ಲೇ ಕೇಳಬೇಕು. ಆ ಲೆಕ್ಕದಲ್ಲಿ ನೊರೆಗೆ ಪಾತ್ರವಿಲ್ಲ.

ನೊರೆಯಿಂದ ನಿಜವಾದ ಅಪಾಯವೊಂದಿದೆ, ಅದರ ಬಗ್ಗೆ ವಿಡಿಯೊಗಳು ಹೇಳುವುದು ಕಡಿಮೆ. ಕುಕ್ಕರ್ ತುಂಬಾ ಬೇಳೆ ಹಾಕಿದರೆ ನೊರೆ ಮೇಲೇರಿ ಸಿಪ್ಪೆ, ಬೇಳೆಯ ಚೂರುಗಳನ್ನು ವಿಸಲ್ ಕೂರುವ ಕೊಳವೆಗೆ ತಳ್ಳುತ್ತದೆ. ಕೊಳವೆ ಕಟ್ಟಿಕೊಂಡರೆ ಹಬೆಗೆ ದಾರಿ ಇರುವುದಿಲ್ಲ. ಬೇಳೆ, ನೀರು ಎರಡೂ ಸೇರಿ ಕುಕ್ಕರಿನ ಅರ್ಧ ದಾಟಬಾರದು. ಮುಚ್ಚುವ ಮೊದಲು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ. ಬೇಳೆಗೆ ಒಂದು ಚಮಚ ಎಣ್ಣೆ ಬಿಡುವ ಹಳೆಯ ರೂಢಿ ಸರಿಯಾದದ್ದೇ: ಎಣ್ಣೆ ಗುಳ್ಳೆಯ ಪದರವನ್ನು ಒಡೆಯುತ್ತದೆ.

ಮಾಂಸದ ಸಾರಿನಲ್ಲಿ ಮೇಲೆ ಬರುವ ಬೂದುಬಣ್ಣದ ಕೆನೆಯನ್ನೂ ಹಲವರು ‘ವಿಷ’ ಎನ್ನುತ್ತಾರೆ. ಅದು ಮೂಳೆ, ಮಾಂಸದಿಂದ ಹೊರಬಂದು ಬಿಸಿಗೆ ಗಟ್ಟಿಯಾದ ಪ್ರೋಟೀನ್. ಮೊಟ್ಟೆಯ ಬಿಳಿಭಾಗ ಗಟ್ಟಿಯಾಗುವ ಹಾಗೆಯೇ. ತಿಳಿಯಾದ ಸೂಪ್ ಬೇಕಾದರೆ ತೆಗೆಯಿರಿ, ಇಲ್ಲದಿದ್ದರೆ ಜೋರಾದ ಕುದಿಗೆ ಅದು ಪುಡಿಯಾಗಿ ಸೂಪ್ ಕದಡುತ್ತದೆ. ಕಾಯಿ, ಕೊತ್ತಂಬರಿ ರುಬ್ಬಿ ಹಾಕುವ ಸಾರಿಗೆ ತೆಗೆದರೂ ಬಿಟ್ಟರೂ ಒಂದೇ. ತೆಗೆಯುವುದಾದರೆ ಮಸಾಲೆ ಹಾಕುವ ಮೊದಲೇ ತೆಗೆಯಬೇಕು, ಆಮೇಲಾದರೆ ಮಸಾಲೆಯೂ ಸೌಟಿನಲ್ಲಿ ಹೋಗುತ್ತದೆ.

ಆದರೆ ಇಲ್ಲೂ ಪ್ಯೂರಿನ್ ಕರಗುವುದು ನೀರಿಗೇ. ಮಂಡಿನೋವು ಎಂದಾಗ ಮನೆಯಲ್ಲಿ ಕಾಲು ಸೂಪ್ ಮಾಡಿಕೊಡುವುದುಂಟು. ನೋವಿಗೆ ಕಾರಣ ಗೌಟ್ ಆಗಿದ್ದರೆ, ಕೆನೆ ಎಷ್ಟೇ ತೆಗೆದರೂ ಆ ಸೂಪ್ ಅವರಿಗೆ ಹಿತವಲ್ಲ. ಮೊದಲು ರಕ್ತದಲ್ಲಿ ಯೂರಿಕ್ ಆಮ್ಲ ಎಷ್ಟಿದೆ ಎಂದು ಪರೀಕ್ಷಿಸಿ, ವೈದ್ಯರಿಗೆ ತೋರಿಸಿ.