ಎಳೆ ಎಣಿಸುವ ಓದು

(ಬಾನುಲಿ ಭಾಷಣ)

ಕಸೂತಿಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಸೀರೆಯಿಂದ ಆರಂಭಿಸುತ್ತಾರೆ. ನಾನು ಅದನ್ನು ಗ್ರಂಥದ ಕಡೆಯಿಂದ ನೋಡಬಯಸುತ್ತೇನೆ. ಧಾರವಾಡ ಸೀಮೆಯ ಎಷ್ಟೋ ಪಡಸಾಲೆಗಳಲ್ಲಿ ಸೂಜಿಯೂ ಪುಸ್ತಕವೂ ಬಹುಕಾಲ ಒಂದೇ ಕಂದೀಲಿನ ಬೆಳಕನ್ನು ಹಂಚಿಕೊಂಡಿದ್ದವು.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವ ರೂಢಿಯಿಲ್ಲ. ಇಳಕಲ್ಲ ಸೀರೆಯ ಸೆರಗಿನಲ್ಲಿ ನೂಲಿನ ಎಳೆಗಳನ್ನು ಕಣ್ಣಿನಿಂದಲೇ ಎಣಿಸುತ್ತ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಮೂಡಿಸಬೇಕು. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ಹೊಲಿಗೆಗಳು ನಾಲ್ಕು. ಗವಂತಿಯಲ್ಲಿ ಸೂಜಿ ಹೋಗುವಾಗ ನಡುನಡುವೆ ತೆರಪು ಬಿಡುತ್ತ ಸಾಗುತ್ತದೆ. ಅದೇ ಹಾದಿಯಲ್ಲಿ ಮರಳುವಾಗ ಆ ತೆರಪುಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ, ಒಳಮೈ, ಹೊರಮೈ ಎರಡರಲ್ಲಿಯೂ ಚಿತ್ತಾರ ಒಂದೇ. ಹೋಗುವಾಗ ಎಳೆಯೊಂದು ತಪ್ಪಿದರೆ, ಮರಳುವಾಗ ಆ ತಪ್ಪು ಎದುರಿಗೆ ಬಂದು ನಿಲ್ಲುತ್ತದೆ. ಆಗ ಬಿಚ್ಚದೆ ಗತಿಯಿಲ್ಲ.

ಇಂಥ ಸೂಕ್ಷ್ಮ ಲೆಕ್ಕವನ್ನು ತಲೆಯಲ್ಲಿ ಹೊತ್ತ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಅಕ್ಷರ ದೊರೆತಿರಲಿಲ್ಲ. ಅವರ ಪಾಲಿಗೆ ಸಾಹಿತ್ಯವೆಂದರೆ ಕಿವಿಯಿಂದ ಬಂದದ್ದು: ಜೈಮಿನಿ ಭಾರತ, ಕುಮಾರವ್ಯಾಸನ ಭಾರತ. ಮುಂದೆ ಕಾದಂಬರಿಗಳೂ ಅದೇ ದಾರಿ ಹಿಡಿದು ಬಂದವು. ಗಳಗನಾಥರು 1907ರಲ್ಲಿ ಹಾವೇರಿಯ ಬಳಿಯ ಅಗಡಿಯಿಂದ 'ಸದ್ಬೋಧ ಚಂದ್ರಿಕೆ'ಯನ್ನು ಹೊರಡಿಸಿದರು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮಾಸಪತ್ರಿಕೆಯಲ್ಲಿ ಕಥೆ ಕಂತುಕಂತಾಗಿ ಬರುತ್ತಿತ್ತು. ಮುಂದಿನ ಸಂಚಿಕೆಗೆ ತಿಂಗಳು ಕಾಯುವುದು, ಸೆರಗು ತುಂಬಲು ತಿಂಗಳುಗಟ್ಟಲೆ ಕೂಡುವವರಿಗೆ ಕಷ್ಟವೆನಿಸಿರಲಾರದು.

ನಮ್ಮಜ್ಜಿಯೂ ಓದು ಬಾರದವಳೇ. ಸಂಜೆ ಆಕೆ ಕಸೂತಿ ಹಿಡಿದು ಕೂತಾಗ ಗಳಗನಾಥರ ಕಾದಂಬರಿಯನ್ನು ಓದಿಹೇಳುವ ಕೆಲಸ ನನ್ನದು. ಒಂದು ದಿನ ಆಟದ ಆತುರಕ್ಕೆ ಎರಡು ಪುಟಗಳನ್ನು ಸದ್ದಿಲ್ಲದೆ ದಾಟಿಸಿ ಓದಿದೆ. ಆಕೆ ತಲೆಯೆತ್ತಲಿಲ್ಲ. "ತಮ್ಮಾ, ನಡುವ ಎಳಿ ಬಿಟ್ಟೀ ನೋಡು. ಹಿಂದಕ್ಕ ಹೋಗು" ಎಂದಳು. ನಾನು ಹಿಂದಕ್ಕೆ ಹೋದೆ.

ಆ ಸಂಜೆ ನನಗೆ ನಾಚಿಕೆಯಾದದ್ದು ಸಿಕ್ಕಿಬಿದ್ದೆನೆಂದು. ಬಹಳ ವರ್ಷಗಳ ಮೇಲೆ ಬೇರೊಂದು ನಾಚಿಕೆ ಹುಟ್ಟಿತು. ಕಿವಿಯಿಂದಲೇ ಕಥೆಯ ನೇಯ್ಗೆಯನ್ನು ಅಷ್ಟು ಬಲ್ಲವಳು ಪುಸ್ತಕಕ್ಕಾಗಿ ಆಟದ ಹುಡುಗನೊಬ್ಬನ ಪ್ರಾಮಾಣಿಕತೆಯನ್ನು ನಂಬಿ ಕೂರಬೇಕಾಗಿತ್ತು. ಅಕ್ಷರ ಬಲ್ಲ ಮನೆ ನಮ್ಮದು. ಆಕೆಗೆ ಕಲಿಸಬೇಕೆಂದು ಒಬ್ಬರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಆದುದರಿಂದ ಆ ಕಾಲದ ನಿಧಾನವನ್ನು ಬರಿಯ ಸುಖವೆಂದು ಹೊಗಳಲು ನನ್ನಿಂದಾಗದು. ಸೂಜಿ ಕೊಟ್ಟ ಕೈಗಳೇ ಪುಸ್ತಕವನ್ನು ದೂರವಿಟ್ಟಿದ್ದವು.

ಆದರೂ ಓದುವುದನ್ನು ನಾನು ಕಲಿತದ್ದು ಆಕೆಯಿಂದಲೇ. ಇಂದಿಗೂ ಒಂದು ಪುಸ್ತಕ ಮುಗಿದಾಗ ಅರ್ಧ ಕೆಲಸವಾಯಿತೆಂದಷ್ಟೇ ತಿಳಿಯುತ್ತೇನೆ. ಮೊದಲ ಓದಿನಲ್ಲಿ ಬಿಟ್ಟ ತೆರಪುಗಳು ಅಲ್ಲಿಯೇ ಇರುತ್ತವೆ. ಅವುಗಳಿಗಾಗಿ ಬಂದ ಹಾದಿಯಲ್ಲಿಯೇ ಮರಳುತ್ತೇನೆ. ಅಜ್ಜಿಯ ಸೆರಗಿನ ತುಂಡೊಂದು ನನ್ನ ಬಳಿ ಉಳಿದಿದೆ. ತಿರುವಿ ನೋಡಿದರೆ ಯಾವುದು ಒಳಮೈ, ಯಾವುದು ಹೊರಮೈ ಎಂಬುದು ಈಗಲೂ ತಿಳಿಯುವುದಿಲ್ಲ.