ಹೆಮ್ಮಾಡಿ ಸೇವಂತಿಗೆಯ ಹಿರಿಯರು

ಬದುಕಿಡೀ ಈ ಮಣ್ಣಿನಲ್ಲಿ ಸೇವಂತಿಗೆ ಬೆಳೆದ ಹೆಮ್ಮಾಡಿಯ ಹಿರಿಯ ಕೃಷಿಕರ ನೆನಪಿಗೆ ಈ ಫಲಕ.

ಮಳೆ ಇಳಿಯುವ ಹೊತ್ತಿಗೆ ನೆಟ್ಟ ಸಸಿ, ಹಗಲು ಕಿರಿದಾಗಿ ರಾತ್ರಿ ಉದ್ದವಾದಂತೆ ಮೊಗ್ಗು ಹಿಡಿಯುತ್ತದೆ. ಜನವರಿಯ ಮಕರ ಸಂಕ್ರಾಂತಿಗೆ ಗದ್ದೆ ತುಂಬ ಹಳದಿ. ಮಾರಣಕಟ್ಟೆ ಜಾತ್ರೆಯಲ್ಲಿ ಭಕ್ತರು ಬ್ರಹ್ಮಲಿಂಗೇಶ್ವರನಿಗೆ ಒಪ್ಪಿಸುವುದು ಇದೇ ಪುಟ್ಟ, ಪರಿಮಳದ ಹೂವನ್ನು. ಹವೆ ಕೈಕೊಟ್ಟರೆ ಹೂ ಜಾತ್ರೆಗೆ ಒದಗದೆ ಹೋಗುವುದೂ ಉಂಟು. ವರ್ಷದ ದುಡಿಮೆಯೆಲ್ಲ ಆ ಕೆಲವೇ ದಿನಗಳನ್ನು ನಂಬಿದ್ದು.

ಆದರೆ ಈ ಹಿರಿಯರ ದೊಡ್ಡತನ ಕಾಣುವುದು ಹೂ ಮುಗಿದ ಮೇಲೆ. ಕೊಯ್ದ ಗಿಡದ ಬುಡದಲ್ಲಿ ಹೊಸ ಕುಡಿ ಒಡೆಯುತ್ತದೆ. ಅದನ್ನು ಬೇಸಗೆಯ ಬಿಸಿಲು, ಆಸಾಡಿಯ ಜಡಿಮಳೆ ಎರಡರಿಂದಲೂ ಕಾಪಾಡಿದರಷ್ಟೇ ಮುಂದಿನ ವರ್ಷಕ್ಕೆ ಸಸಿ. ಯಾರೂ ನೋಡದ ಆ ತಿಂಗಳುಗಳ ಆರೈಕೆಯಿಂದಲೇ ತಳಿ ಇಂದಿಗೂ ಉಳಿದಿದೆ.

ದಯವಿಟ್ಟು ಗದ್ದೆಗೆ ಇಳಿಯಬೇಡಿ, ಅಂಚಿನ ಮೇಲೆ ನಡೆಯಿರಿ.